ನನ್ನ ತಮ್ಮ ಕೈ ಮಾಡಿದ, ತಪ್ಪು ಯಾರದ್ದು?

ಬದಿಯಡ್ಕದ ಅಕ್ಕ

ಎಲ್ಲರಿಗೂ ನಮಸ್ಕಾರ. ಬರೆಯುವುದೋ ಬೇಡವೋ ಅಂತ ಎರಡು ವಾರ ಯೋಚಿಸಿ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನನ್ನ ತಮ್ಮನಿಗೆ 19 ವರ್ಷ. ಅವನಿಗೆ ಆಟಿಸಂ ಅಂತ ಮೂರೂವರೆ ವರ್ಷದಲ್ಲೇ ಗೊತ್ತಾಗಿತ್ತು. ಮಾತು ತುಂಬ ಕಡಿಮೆ. ನೀರು, ಬೇಡ, ಬಸ್ಸು, ಅಕ್ಕ, ಹೀಗೆ ಒಂದು ಇಪ್ಪತ್ತು ಶಬ್ದ ಇರಬಹುದು. ತಲೆಬಿಸಿ ಆದಾಗ ಅದೂ ಬಾಯಿಗೆ ಬರುವುದಿಲ್ಲ. ಕೈಯಲ್ಲಿ ಯಾವಾಗಲೂ ಅಡಕೆ ಹಾಳೆಯ ಒಂದು ತುಂಡು ಬೇಕು. ಅದನ್ನು ಕಣ್ಣಿನ ಪಕ್ಕ ಹಿಡಿದು ಪಟಪಟ ಅಲ್ಲಾಡಿಸುತ್ತಾನೆ. ತೋಟದಲ್ಲಿ ಹಾಳೆ ಬಿದ್ದ ಸದ್ದಾದರೆ ಮೊದಲು ಓಡುವವನೇ ಅವನು. ಅಡಕೆ ಹೆಕ್ಕುವುದರಲ್ಲಿ ನಮ್ಮ ಮನೆಯಲ್ಲಿ ಅವನಷ್ಟು ಚುರುಕು ಯಾರೂ ಇಲ್ಲ. ಒಂದು ಗೋಟು ಸಹ ತಪ್ಪಿ ಹೋಗುವುದಿಲ್ಲ.

ಕಳೆದ ತಿಂಗಳು ಚಿಕ್ಕಮ್ಮನ ಹೊಸ ಮನೆಯ ಒಕ್ಕಲು ಇತ್ತು. ನಮ್ಮ ನೆರೆಮನೆಯವರೂ ಬಂದಿದ್ದರು. ಊಟ ತಡವಾಯಿತು, ಎರಡೂವರೆ ಕಳೆದಿತ್ತು. ನಾನು ಬಡಿಸುವ ಕಡೆ ಇದ್ದೆ. ಹೊರಗೆ ಬೊಬ್ಬೆ ಕೇಳಿ ಓಡಿ ಬಂದಾಗ ನೆರೆಮನೆಯ ಏಳು ವರ್ಷದ ಹುಡುಗ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಬಾಯಿ ತುಂಬ ರಕ್ತ. ತಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಹೊಡೆಯುತ್ತಿದ್ದ. ತಮ್ಮ ನೂಕಿದ್ದನ್ನು ನಾಲ್ಕು ಜನ ನೋಡಿದ್ದಾರೆ. ಹುಡುಗನ ತುಟಿಗೆ ಎರಡು ಹೊಲಿಗೆ ಬಿತ್ತು.

ಆಮೇಲೆ ನಡೆದದ್ದು ನಿಮಗೆ ಊಹಿಸಲು ಕಷ್ಟವಲ್ಲ. ಅಮ್ಮ ಅತ್ತುಕೊಂಡು "ಅವನಿಗೆ ಏನು ಗೊತ್ತು ಪಾಪ" ಅಂದರು. ಮಾವ "ಸಣ್ಣದರಲ್ಲೇ ಎರಡು ಬಿಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ" ಅಂದರು. ಹುಡುಗನ ಅಮ್ಮ ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: "ಗೊತ್ತಿಲ್ಲ ಅಂತ ಹೇಳಿದರೆ ಮುಗಿಯಿತಾ? ಪೆಟ್ಟು ತಿಂದವನಿಗೆ ನಾನು ಏನು ಹೇಳಲಿ?"

ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನದ್ದು ತಪ್ಪಾ? ನಮ್ಮದಾ? ಯಾರದ್ದೂ ಅಲ್ಲವಾ? ನನಗೆ ಸಮಾಧಾನದ ಮಾತು ಬೇಡ. ಇದನ್ನು ದಾಟಿ ಬಂದವರು ಏನು ಮಾಡಿದಿರಿ, ಅದನ್ನು ಹೇಳಿ.

ಕುಂಬಳೆಯ ಅಮ್ಮ

ತಂಗೀ, ಮೊದಲು ಅವನ ಬಾಯಿ ತೆಗೆಸಿ ಹಲ್ಲು ನೋಡಿ. ತಮಾಷೆಗೆ ಹೇಳುತ್ತಿಲ್ಲ.

ನನ್ನ ಮಗಳಿಗೆ 16. ಎರಡು ವರ್ಷದ ಹಿಂದೆ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹತ್ತಿರ ಹೋದರೆ ಕಚ್ಚುತ್ತಿದ್ದಳು. ನನ್ನ ಎಡಗೈಯಲ್ಲಿ ಈಗಲೂ ಕಲೆ ಉಂಟು. ದೊಡ್ಡವಳಾದಳು, ಹಠ ಜಾಸ್ತಿಯಾಯಿತು ಅಂತ ಎಲ್ಲರೂ ಹೇಳಿದರು, ನಾನೂ ಹಾಗೇ ಅಂದುಕೊಂಡೆ. ಒಂದು ದಿನ ಗಂಜಿ ಕುಡಿಸುವಾಗ ಗಮನಿಸಿದೆ. ಬಿಸಿ ಗಂಜಿಯ ಚಮಚ ಬಂದರೆ ತಲೆಯನ್ನು ಎಡಕ್ಕೆ ವಾಲಿಸಿ ಒಂದೇ ಬದಿಯಲ್ಲಿ ನುಂಗುತ್ತಾಳೆ. ಟಾರ್ಚ್ ಹಾಕಿ ನೋಡಿದರೆ ಬಲಗಡೆಯ ದವಡೆ ಹಲ್ಲು ಪೂರ್ತಿ ಹುಳುಕು, ಒಸಡು ಬಾತುಕೊಂಡಿತ್ತು. ಹಲ್ಲು ತೆಗೆಸಿದ ನಾಲ್ಕನೇ ದಿನಕ್ಕೆ ಕಚ್ಚುವುದು ನಿಂತಿತು. ಮೂರು ವಾರ ಆ ನೋವು ತಿಂದುಕೊಂಡು ನಮ್ಮ ಬೈಗುಳವನ್ನೂ ತಿಂದಿದ್ದಾಳೆ ಅಂತ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಲ್ಲು, ಕಿವಿ, ಮಲಬದ್ಧತೆ, ಹುಡುಗಿಯರಿಗೆ ಮುಟ್ಟಿನ ಹೊಟ್ಟೆನೋವು, ನಿದ್ದೆ ಇಲ್ಲದಿರುವುದು. ಇವಿಷ್ಟನ್ನು ನೋಡದೆ ನಡತೆಯ ಬಗ್ಗೆ ಮಾತೇ ಆಡಬಾರದು. ಕೆಲವರಿಗೆ ತಮ್ಮದೇ ಮೈಯಲ್ಲಿ ನೋವು ಎಲ್ಲಿದೆ ಅಂತ ಗುರುತಿಸುವುದೇ ಕಷ್ಟ. ಗುರುತು ಸಿಕ್ಕರೂ ಹೇಳಲು ಮಾತಿಲ್ಲ.

ನಿಮ್ಮ ಅಮ್ಮನನ್ನು ಯಾರೂ ದೂರದಂತೆ ನೋಡಿಕೊಳ್ಳಿ. ತಾಯಿಯ ಪ್ರೀತಿ ಕಡಿಮೆಯಾದ್ದರಿಂದ ಮಕ್ಕಳಿಗೆ ಹೀಗಾಗುತ್ತದೆ ಅಂತ ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ಆಟಿಸಂ ಇರುವ ಮಗನ ಅಪ್ಪ ಬರ್ನಾರ್ಡ್ ರಿಮ್ಲಾಂಡ್ ಎನ್ನುವವರು 1964ರಲ್ಲಿ ಅದು ಸುಳ್ಳು ಅಂತ ಪುಸ್ತಕವೇ ಬರೆದರು. ನಮ್ಮ ಊರಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ನೀರ್ಚಾಲಿನವ

ಎಲ್ಲರ ಕಷ್ಟವೂ ಅರ್ಥವಾಗುತ್ತದೆ. ಆದರೆ ಯಾರಾದರೂ ಒಬ್ಬರು ಆ ಏಳು ವರ್ಷದ ಹುಡುಗನ ಪರವಾಗಿ ಮಾತಾಡಬೇಕಲ್ಲ, ಅದಕ್ಕೆ ಬರೆಯುತ್ತೇನೆ.

ನನಗೂ ಅದೇ ವಯಸ್ಸಿನ ಮಗ ಇದ್ದಾನೆ. ಅವನ ತುಟಿ ಹರಿದು ಬಂದರೆ ನನಗೆ ಹಲ್ಲುನೋವು, ಕಿವಿನೋವು ಅಂತ ಕಾರಣ ಕೇಳುವ ಸಮಾಧಾನ ಇರುವುದಿಲ್ಲ. 19 ವರ್ಷದವನ ಮೈಬಲ ದೊಡ್ಡವರದ್ದೇ. ಪ್ರತಿ ಸಲ ಕಾರಣ ಹೇಳುತ್ತಾ ಹೋದರೆ ಕೊನೆಗೆ ಪೆಟ್ಟು ತಿಂದವರೇ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ. ಅದು ನ್ಯಾಯವಾ? ಹೊಡೆಯಿರಿ ಅಂತ ನಾನು ಹೇಳುವುದಿಲ್ಲ. ಆದರೆ "ಗೊತ್ತಾಗುವುದಿಲ್ಲ" ಅಂತ ಒಮ್ಮೆ ತೀರ್ಮಾನ ಮಾಡಿದರೆ ಅವನಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಬಡ್ಸ್ ಶಾಲೆಯ ಟೀಚರ್

ನೀರ್ಚಾಲಿನ ಅಣ್ಣನ ಕೊನೆಯ ಮಾತು ನನ್ನದೂ ಹೌದು. ಮಂಜೇಶ್ವರದ ಕಡೆ ಪಂಚಾಯತಿನ ಬಡ್ಸ್ ಶಾಲೆಯಲ್ಲಿ, ಅಂದರೆ ವಿಶೇಷ ಮಕ್ಕಳ ಶಾಲೆಯಲ್ಲಿ, ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. "ಅವನಿಗೆ ಏನೂ ಗೊತ್ತಾಗುವುದಿಲ್ಲ" ಎನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಮಗು ಕಲಿಯುವುದಕ್ಕೆ ಅದರಷ್ಟು ಅಡ್ಡ ಬರುವುದು ಬೇರೆ ಇಲ್ಲ.

ಅಕ್ಕಾ, ಒಂದು ನೂರು ಪುಟದ ನೋಟ್ ಪುಸ್ತಕ ತೆಗೆದುಕೊಳ್ಳಿ. ಪುಟಕ್ಕೆ ಮೇಲಿನಿಂದ ಕೆಳಕ್ಕೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿ. ಮೊದಲನೆಯದರಲ್ಲಿ, ಅದಕ್ಕಿಂತ ಸ್ವಲ್ಪ ಮುಂಚೆ ಏನಾಗುತ್ತಿತ್ತು. ಎರಡನೆಯದರಲ್ಲಿ, ಅವನು ಏನು ಮಾಡಿದ. ಮೂರನೆಯದರಲ್ಲಿ, ಆಮೇಲೆ ನೀವೆಲ್ಲ ಏನು ಮಾಡಿದಿರಿ. "ಕೋಪ ಬಂತು", "ಹಠ ಮಾಡಿದ" ಅಂತ ಬರೆಯಬೇಡಿ. ಕಣ್ಣಿಗೆ ಕಂಡದ್ದು ಮಾತ್ರ. "ಮಿಕ್ಸಿ ಓಡುತ್ತಿತ್ತು. ಅಪ್ಪ ಎರಡು ಸಲ ಕರೆದರು. ತಟ್ಟೆ ಎಸೆದ. ಅಪ್ಪ ಹೊರಗೆ ಹೋದರು." ಇಷ್ಟು ಸಾಕು.

ಇಪ್ಪತ್ತು ದಿನ ಬರೆದರೆ ನಿಮಗೇ ಕಾಣುತ್ತದೆ. ಸಾಮಾನ್ಯವಾಗಿ ಹೊಡೆತದ ಹಿಂದೆ ನಾಲ್ಕು ಸಂಗತಿಗಳಲ್ಲಿ ಯಾವುದೋ ಒಂದು ಇರುತ್ತದೆ: ಒಂದು ಕಡೆಯಿಂದ ತಪ್ಪಿಸಿಕೊಳ್ಳಬೇಕು, ಒಂದು ವಸ್ತು ಬೇಕು, ಯಾರಾದರೂ ತನ್ನ ಕಡೆ ನೋಡಬೇಕು, ಇಲ್ಲವೇ ಮೈಗೆ ಅಥವಾ ಕಿವಿಗೆ ತಡೆಯಲಾಗದ್ದು ಏನೋ ಆಗುತ್ತಿದೆ. ಮೂರನೆಯ ಸಾಲನ್ನು ಜಾಸ್ತಿ ಗಮನಿಸಿ. ತಟ್ಟೆ ಎಸೆದ ಕೂಡಲೇ ಅಪ್ಪ ಹೊರಗೆ ಹೋದರೆ, ತಟ್ಟೆ ಎಸೆದರೆ ಕೆಲಸ ಆಗುತ್ತದೆ ಅಂತ ಅವನು ಕಲಿತ ಹಾಗೆ. ಕಲಿಸಿದ್ದು ನಾವೇ.

ಆಮೇಲೆ ಆ ಕೆಲಸವನ್ನೇ ಮಾಡುವ ಬೇರೆ ದಾರಿ ಕೊಡಬೇಕು. ನಮ್ಮಲ್ಲಿ ಒಬ್ಬ ಹುಡುಗನಿಗೆ "ಸಾಕು" ಅಂತ ಒಂದು ಚೀಟಿ ಮಾಡಿದೆವು. ರಟ್ಟಿನ ಮೇಲೆ ಅಂಗೈಯ ಚಿತ್ರ, ಮೇಲೆ ಪ್ಲಾಸ್ಟಿಕ್, ಸೊಂಟದ ದಾರಕ್ಕೆ ಕಟ್ಟಿದ್ದು. ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವ ಕ್ರಮವನ್ನು 1985ರಲ್ಲಿ ಅಮೆರಿಕದಲ್ಲಿ ಶುರು ಮಾಡಿದರು, ಇಲ್ಲಿಗೂ ಅದು ಚೆನ್ನಾಗಿಯೇ ಹೊಂದುತ್ತದೆ. ಒಂದು ಮುಖ್ಯ ವಿಷಯ: ಚೀಟಿ ತೋರಿಸಿದ ಕೂಡಲೇ ನೀವು ಅದಕ್ಕೆ ಬೆಲೆ ಕೊಡಬೇಕು. "ಇನ್ನೊಂದು ತುತ್ತು ಮುಗಿಸು" ಅಂದರೆ ಚೀಟಿ ಸತ್ತುಹೋಗುತ್ತದೆ. ಮತ್ತೆ ಕೈಯೇ ಮಾತಾಡುತ್ತದೆ.

ಕೇರಳ ಗಡಿಯ ನಮ್ಮ ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ತಾಪತ್ರಯ ಉಂಟು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಥೆರಪಿಯಲ್ಲಿ ಮಲಯಾಳ. "ಮದಿ" ಅಂದರೆ ಮಲಯಾಳದಲ್ಲಿ ಸಾಕು. ಕನ್ನಡದ ಮನೆಯ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಎರಡು ಮೂರು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿಗೆ ಮಾತು ಇನ್ನೂ ಹಿಂದೆ ಬೀಳುತ್ತದೆ ಅಂತ ಹೆದರಿಸುವವರಿದ್ದಾರೆ. ಅದು ನಿಜವಲ್ಲ, ಆ ಬಗ್ಗೆ ನಡೆದ ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಮನೆಭಾಷೆ ಬಿಡಿಸಬೇಡಿ. ಆದರೆ ಚೀಟಿಯ ಮೇಲಿನ ಚಿತ್ರ ಮನೆಗೂ ಶಾಲೆಗೂ ಥೆರಪಿಗೂ ಒಂದೇ ಇರಲಿ.

ಉಪ್ಪಳದ ಅಪ್ಪ

ಮದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಗ ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಿದ್ದಾನೆ. ಮದ್ದು ಶುರು ಮಾಡುವ ಮೊದಲು ತನ್ನ ತಲೆಗೇ ಹೊಡೆದುಕೊಂಡು ಕಣ್ಣಿನ ಮೇಲೆ ಗಾಯ ಮಾಡಿಕೊಳ್ಳುತ್ತಿದ್ದ. ಈಗ ತುಂಬ ಕಡಿಮೆ. ಆದರೆ ಒಂದು ವರ್ಷದಲ್ಲಿ 11 ಕಿಲೋ ತೂಕ ಏರಿತು, ಹಗಲು ಹೊತ್ತು ತೂಕಡಿಸುತ್ತಾನೆ. ಆಟಿಸಂ ಇರುವ ಮಕ್ಕಳ ಸಿಡುಕು, ಹೊಡೆತಕ್ಕೆ ಅಂತ ಅಮೆರಿಕದಲ್ಲಿ ಈ ಮದ್ದಿಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು, ಅರಿಪಿಪ್ರಜೋಲಿಗೆ 2009ರಲ್ಲಿ. ಎರಡೂ ಸಿಡುಕು ಕಡಿಮೆ ಮಾಡುವ ಮದ್ದು, ಆಟಿಸಂ ಹೋಗಿಸುವ ಮದ್ದಲ್ಲ. ಮಾತು ಕಲಿಸುವುದೂ ಇಲ್ಲ. ಡಾಕ್ಟರ ಹತ್ತಿರ ತೂಕ, ಸಕ್ಕರೆ ನೋಡಿಸುತ್ತಾ ಇರಬೇಕು, ನಮ್ಮಷ್ಟಕ್ಕೇ ನಿಲ್ಲಿಸಬಾರದು.

ಯಾರೋ ನನಗೆ "ನಿಮ್ಮ ಮಗನ ಹೆಸರು ಎಂಡೋಸಲ್ಫಾನ್ ಲಿಸ್ಟಿನಲ್ಲಿ ಉಂಟಾ" ಅಂತ ಖಾಸಗಿಯಾಗಿ ಕೇಳಿದ್ದಾರೆ. ಆ ಕೀಟನಾಶಕದಿಂದ ತೊಂದರೆಯಾದವರ ಸರಕಾರಿ ಪಟ್ಟಿ ಅದು. ನಮ್ಮ ಜಿಲ್ಲೆಯಲ್ಲಿ ಇದು ಎಲ್ಲರ ಮೊದಲ ಪ್ರಶ್ನೆ. ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದದ್ದನ್ನು ನೋಡಿದ ಜನ ನಾವು, ಕೇಳುವುದು ಸಹಜ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಷೇಧಿಸಿತು. ಆದರೆ ಆಟಿಸಂ ಆ ವಿಷ ಬೀಳದ ಊರುಗಳಲ್ಲೂ ಉಂಟು. ನನ್ನ ಮಗನ ಹೆಸರು ಲಿಸ್ಟಿನಲ್ಲಿ ಇಲ್ಲ. ಆ ವಿಚಾರ ಇಲ್ಲಿಗೆ ಬಿಡುವ.

ಮುಳ್ಳೇರಿಯದ ತಂಗಿ

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ. ಓದುತ್ತಾ ಓದುತ್ತಾ ಕೈ ನಡುಗಿತು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಣ್ಣನಿಗೆ ಆಟಿಸಂ. ನಾನು ಅವನಿಗಿಂತ ನಾಲ್ಕು ವರ್ಷ ಸಣ್ಣವಳು. ಕೂದಲು ಹಿಡಿದು ಎಳೆಯುತ್ತಿದ್ದ. ಒಂಬತ್ತನೇ ಕ್ಲಾಸಿನವರೆಗೆ ನಾನು ಕೂದಲು ಉದ್ದ ಬಿಡಲಿಲ್ಲ. ಎಲ್ಲರೂ ನನಗೆ ಚಂದ ಕಾಣುತ್ತದೆ ಅಂತ ಬಾಬ್ ಕಟ್ ಮಾಡಿಸಿದ್ದಾರೆ ಅಂದುಕೊಂಡಿದ್ದರು. ಪ್ರತಿ ಸಲವೂ ಅಮ್ಮ ಮೊದಲು ಓಡುತ್ತಿದ್ದದ್ದು ಅವನ ಹತ್ತಿರ. ನನಗೆ ಸಿಗುತ್ತಿದ್ದದ್ದು ಒಂದೇ ಮಾತು, "ನೀನು ಅರ್ಥ ಮಾಡಿಕೊಳ್ಳಬೇಕು ಮಗಾ". ಆರು ವರ್ಷದವಳು ಏನು ಅರ್ಥ ಮಾಡಿಕೊಳ್ಳಬೇಕಿತ್ತು?

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಆಗ ಮಾತಿರಲಿಲ್ಲ, ಆ ಹೊತ್ತಿನಲ್ಲಿ ಅವನ ಕೈ ಅವನ ಹಿಡಿತದಲ್ಲಿ ಇರಲಿಲ್ಲ, ಇದೆಲ್ಲ ನನಗೆ ಈಗ ಗೊತ್ತು. ಆದರೆ ಒಂದೇ ಒಂದು ಸಲ, ಒಬ್ಬರಾದರೂ "ನಿನಗೆ ನೋವಾಯಿತು, ಇದು ಸರಿಯಲ್ಲ" ಅಂತ ಹೇಳಿದ್ದರೆ ಸಾಕಿತ್ತು. ನನಗೊಂದು ಚಿಲಕ ಇರುವ ಕೋಣೆ ಬೇಕಿತ್ತು. ಅದನ್ನು ಕೇಳಿದರೆ ಸ್ವಾರ್ಥ ಅಂದರು.

ಬದಿಯಡ್ಕದ ಅಕ್ಕಾ, ನೆರೆಮನೆಯ ಹುಡುಗನ ಹತ್ತಿರ ಯಾರಾದರೂ ಹೋಗಿ ಮಾತಾಡಿದ್ದೀರಾ? ಅವನ ಅಮ್ಮನ ಹತ್ತಿರ ಅಲ್ಲ, ಅವನ ಹತ್ತಿರ.

ಬದಿಯಡ್ಕದ ಅಕ್ಕ

ಇಲ್ಲ. ಆಸ್ಪತ್ರೆ ಖರ್ಚು ಕೊಟ್ಟೆವು. ಹುಡುಗನ ಹತ್ತಿರ ಯಾರೂ ಮಾತಾಡಲಿಲ್ಲ. ನಿಮ್ಮ ಮಾತು ಓದಿ ತುಂಬ ಹೊತ್ತು ಹಾಗೇ ಕೂತಿದ್ದೆ.

ಪೆರ್ಲದವ, ಈಗ ಮಂಗಳೂರು

ನನಗೆ 31 ವರ್ಷ. ಸಾಫ್ಟ್‌ವೇರ್ ಕೆಲಸ. ನನಗೂ ಆಟಿಸಂ ಇದೆ, ಗೊತ್ತಾದದ್ದು 27ನೇ ವಯಸ್ಸಿಗೆ. ನಾನು ಮಾತಾಡಬಲ್ಲೆ, ನಿಮ್ಮ ತಮ್ಮನಿಗೆ ಅದು ಕಷ್ಟ. ಅವನ ಪರವಾಗಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಒಳಗಿನಿಂದ ಅದು ಹೇಗಿರುತ್ತದೆ ಅಂತ ಸ್ವಲ್ಪ ಹೇಳಬಲ್ಲೆ.

ಎಂಟನೇ ವಯಸ್ಸಿನಲ್ಲಿ ದೊಡ್ಡಪ್ಪ ನನ್ನನ್ನು ಕುಂಬಳೆ ಬೆಡಿ, ಅಂದರೆ ಜಾತ್ರೆಯ ಸಿಡಿಮದ್ದು, ನೋಡಲು ಕರೆದುಕೊಂಡು ಹೋದರು. ಎಲ್ಲ ಮಕ್ಕಳಿಗೂ ಅದು ಹಬ್ಬ. ಬೆಡಿ ಶುರುವಾದಾಗ ನನಗೆ ಸದ್ದು ಕಿವಿಯಲ್ಲಿ ಕೇಳಿಸಲಿಲ್ಲ, ಹಲ್ಲಿನಲ್ಲಿ, ಎದೆಗೂಡಿನಲ್ಲಿ ಬಡಿಯಿತು. ಜನರ ಮೈ ತಾಗಿದಲ್ಲೆಲ್ಲ ಚರ್ಮ ಉರಿಯುತ್ತಿತ್ತು. ದೊಡ್ಡಪ್ಪ "ಹೆದರಬೇಡ" ಅಂತ ಭುಜ ಹಿಡಿದರು. ನಾನು ಅವರ ಕೈ ಕಚ್ಚಿದೆ. ಕಚ್ಚಿದ್ದು ನನಗೆ ನೆನಪಿಲ್ಲ. ಬಾಯಿಯಲ್ಲಿ ಅವರ ವಾಚಿನ ಚೈನಿನ ಉಪ್ಪುಪ್ಪು ರುಚಿ ಮಾತ್ರ ನೆನಪಿದೆ.

ಆ ಹೊತ್ತಿನಲ್ಲಿ ನನ್ನಿಂದ ಬೇರೆ ಏನಾದರೂ ಮಾಡಲು ಆಗುತ್ತಿತ್ತಾ? ಇಲ್ಲ. ಅದನ್ನು ಹಠ ಅನ್ನಬೇಡಿ. ಹಠ ಮಾಡುವ ಮಗು ನಡುವೆ ಒಮ್ಮೆ ತಿರುಗಿ ನೋಡುತ್ತದೆ, ಬೇಕಾದ್ದು ಸಿಕ್ಕಿದರೆ ನಿಲ್ಲಿಸುತ್ತದೆ. ಇದು ಹಾಗಲ್ಲ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಹೊಯ್ದರೆ ಚೆಲ್ಲುತ್ತದೆ ಅಲ್ವಾ, ಅಷ್ಟೇ. ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಮುಟ್ಟಬೇಡಿ. ಬೇರೆಯವರನ್ನು ದೂರ ಕಳಿಸಿ, ದೀಪ ಸದ್ದು ಕಡಿಮೆ ಮಾಡಿ, ಗೋಡೆಗೂ ತಲೆಗೂ ನಡುವೆ ಒಂದು ದಿಂಬು ಇಡಿ, ಸುಮ್ನೆ ಇರಿ.

ಆದರೆ ಇಷ್ಟಕ್ಕೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ.

ಕೊಡ ತುಂಬುವುದು ಒಂದೇ ಸಲಕ್ಕೆ ಅಲ್ಲ. ಈಗ ನನಗೆ ಗೊತ್ತಾಗುತ್ತದೆ. ಕುತ್ತಿಗೆಯ ಹಿಂದೆ ಬಿಗಿಯಾಗುತ್ತದೆ, ಅಕ್ಷರಗಳು ಓದಿದರೂ ತಲೆಗೆ ಹೋಗುವುದಿಲ್ಲ, ಯಾರು ಮಾತಾಡಿದರೂ ಜಗಳದ ಹಾಗೆ ಕೇಳುತ್ತದೆ. ಅಲ್ಲಿ ನಾನು ಎದ್ದು ಹೋಗಬಹುದು. ಎದ್ದು ಹೋಗದೆ ಕೂತು, ಆಮೇಲೆ ಹೆಂಡತಿಯ ಮೇಲೆ ಬೊಬ್ಬೆ ಹೊಡೆದರೆ, ಬೊಬ್ಬೆ ಹೊಡೆದ ಆ ನಿಮಿಷಕ್ಕೆ ಅಲ್ಲದಿದ್ದರೂ ಕೂತಿದ್ದ ಆ ಅರ್ಧ ಗಂಟೆಗೆ ಜವಾಬ್ದಾರಿ ನನ್ನದೇ. ಶನಿವಾರ ಸಂಜೆ ಮಾಲಿಗೆ ಹೋಗದೇ ಇರುವುದು, ಬಸ್ಸಿನಲ್ಲಿ ಕಿವಿ ಮುಚ್ಚುವ ಹೆಡ್‌ಫೋನ್ ಹಾಕುವುದು, ಹಸಿವೆ ಗೊತ್ತಾಗದಿದ್ದರೂ ಗಡಿಯಾರ ನೋಡಿ ಒಂದು ಗಂಟೆಗೆ ಉಣ್ಣುವುದು, ಇದೆಲ್ಲ ನನ್ನ ಕೆಲಸ. ಚೆಲ್ಲಿದ ನೀರು ಒರೆಸುವುದೂ ನನ್ನ ಕೆಲಸ. "ನನಗೆ ಆಟಿಸಂ" ಅಂತ ಹೇಳಿ ಬಟ್ಟೆಯನ್ನು ಹೆಂಡತಿಯ ಕೈಗೆ ಕೊಡಲು ಬರುವುದಿಲ್ಲ.

ಮಾತು ಬಾರದ ತಮ್ಮನಿಗೆ ಇಷ್ಟೆಲ್ಲ ಆಗಲಿಕ್ಕಿಲ್ಲ. ಅವನ ಕೊಡ ನೋಡುತ್ತಾ ಇರಬೇಕಾದವರು ಸದ್ಯ ನೀವು. ಆದರೆ ಒರೆಸುವ ಕೆಲಸದಲ್ಲಿ ಅವನಿಗೂ ಒಂದು ಪಾಲು ಕೊಡಿ. ಎಂಟು ವರ್ಷದ ನನಗೆ ಯಾರೂ ಕೊಡಲಿಲ್ಲ. ದೊಡ್ಡಪ್ಪನ ಕೈಗೆ ಬ್ಯಾಂಡೇಜ್ ಕಟ್ಟಿದ್ದನ್ನು ನೋಡುತ್ತಾ ನಾನು ಕಂಬದ ಹಿಂದೆ ನಿಂತಿದ್ದೆ. ಒಂದು ಲೋಟ ನೀರು ಕೊಟ್ಟು ಬಾ ಅಂತ ಯಾರಾದರೂ ಹೇಳಿದ್ದರೆ ಖಂಡಿತ ಕೊಡುತ್ತಿದ್ದೆ. ಅವರು ತೀರಿಹೋಗಿ ಆರು ವರ್ಷವಾಯಿತು.

ಹೆಸರು ಬೇಡ

ಪೆರ್ಲದ ಅಣ್ಣ ಬರೆದದ್ದನ್ನು ನನ್ನ ಗಂಡ ಓದಬೇಕಿತ್ತು.

ಮದುವೆಯಾಗಿ ಏಳು ವರ್ಷಕ್ಕೆ ಅವರಿಗೆ ಆಟಿಸಂ ಅಂತ ಗೊತ್ತಾಯಿತು. ನನಗೆ ನಿಜವಾಗಿ ಸಮಾಧಾನವೇ ಆಗಿತ್ತು, ಈಗಲಾದರೂ ದಾರಿ ಸಿಕ್ಕಿತು ಅಂತ. ಆದರೆ ಅಲ್ಲಿಂದ ಮೇಲೆ ಹೊಡೆದಾಗಲೆಲ್ಲ ಒಂದೇ ಮಾತು: "ನಾನು ಇರುವುದೇ ಹೀಗೆ, ನನ್ನನ್ನು ಕೆರಳಿಸಿದ್ದು ನೀನು." ಕೆಲಸದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಮುಖಕ್ಕೆ ಹೊಡೆಯುವುದಿಲ್ಲ, ಸೀರೆ ಮುಚ್ಚುವ ಕಡೆ ಮಾತ್ರ. ಇದೂ ಕೊಡ ತುಂಬಿ ಚೆಲ್ಲುವುದಾ? ಯಾರನ್ನೂ ದೂರಲು ಅಲ್ಲ, ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಪೆರ್ಲದವ, ಈಗ ಮಂಗಳೂರು

ಅಕ್ಕಾ, ನೇರವಾಗಿ ಹೇಳುತ್ತೇನೆ. ಇಡೀ ದಿನ ಹೊರಗೆ ಹಲ್ಲು ಕಚ್ಚಿ ತಡೆದುಕೊಂಡು ಮನೆಗೆ ಬಂದ ಮೇಲೆ ಕುಸಿಯುವವರು ನಮ್ಮಲ್ಲಿ ಇದ್ದಾರೆ. ಹಾಗಾಗಿ "ಹೊರಗೆ ಸರಿ ಇರುತ್ತಾರೆ" ಎನ್ನುವ ಒಂದನ್ನೇ ನೋಡಿ ನಾನು ಏನೂ ಹೇಳುವುದಿಲ್ಲ. ಆದರೆ ಸೀರೆ ಮುಚ್ಚುವ ಜಾಗ ಹುಡುಕಿ ಹೊಡೆಯುವವನಿಗೆ ತಾನು ಮಾಡುವುದು ಏನು ಅಂತ ಚೆನ್ನಾಗಿ ಗೊತ್ತಿದೆ. ಆಟಿಸಂ ಹಾಗೆ ಜಾಗ ಹುಡುಕುವುದಿಲ್ಲ. ಅದು ಹೊಡೆತ, ಅಷ್ಟೇ. ಕಾಯಿಲೆಯ ಹೆಸರಿನ ಚೀಟಿ ಅದನ್ನು ತೊಳೆಯುವುದಿಲ್ಲ. ನಮ್ಮ ಹೆಸರನ್ನು ಹೀಗೆ ಬಳಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಯಾಕಂದರೆ ಆಟಿಸಂ ಇರುವವರು ಪೆಟ್ಟು ಕೊಡುವುದಕ್ಕಿಂತ ಪೆಟ್ಟು ತಿನ್ನುವುದೇ ಜಾಸ್ತಿ, ಶಾಲೆಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ.

ನೀವು ಮೊದಲು ಸುರಕ್ಷಿತವಾಗಿರಿ. ಅವರಿಗೆ ಸಹಾಯ ಸಿಗುವುದು ಆಮೇಲಿನ ಮಾತು.

ಕಾಸರಗೋಡಿನ ವಕೀಲೆ

ಹೆಸರು ಬೇಡ ಅಂದ ಅಕ್ಕನಿಗೆ ಮೊದಲು: ಮಹಿಳೆಯರ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ನಿಮಗೆ ರಕ್ಷಣೆಯ ಆದೇಶವೂ ಸಿಗುತ್ತದೆ, ಆ ಮನೆಯಲ್ಲಿ ಇರುವ ಹಕ್ಕೂ ಇದೆ. ಗಂಡನಿಗೆ ಏನು ಕಾಯಿಲೆ ಇದ್ದರೂ ಆ ಹಕ್ಕು ಹೋಗುವುದಿಲ್ಲ.

ಇನ್ನು ಕಾನೂನು ಜವಾಬ್ದಾರಿಯನ್ನು ಹೇಗೆ ನೋಡುತ್ತದೆ ಅಂತ. ಹಿಂದೆ ದಂಡ ಸಂಹಿತೆಯ 84ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಆ ಕೃತ್ಯ ಮಾಡುವ ಹೊತ್ತಿನಲ್ಲಿ, ಬುದ್ಧಿ ಸ್ವಸ್ಥವಿಲ್ಲದ ಕಾರಣ, ತಾನು ಮಾಡುತ್ತಿರುವುದು ಏನು ಅಥವಾ ಅದು ತಪ್ಪು ಅಂತ ತಿಳಿಯುವ ಶಕ್ತಿಯೇ ಇಲ್ಲದವನು ಮಾಡಿದ್ದು ಅಪರಾಧವಲ್ಲ. ಇಲ್ಲಿ "ಆ ಹೊತ್ತಿನಲ್ಲಿ" ಎನ್ನುವುದೇ ಮುಖ್ಯ. ಡಾಕ್ಟರ ಸರ್ಟಿಫಿಕೇಟ್ ಒಂದೇ ಸಾಕಾಗುವುದಿಲ್ಲ, ಆ ಹೊತ್ತಿನ ಸ್ಥಿತಿಯನ್ನು ತೋರಿಸಿಕೊಡುವ ಹೊರೆ ಆರೋಪಿಯ ಮೇಲೆಯೇ ಇರುತ್ತದೆ. ಆಟಿಸಂ ಇರುವ ಎಷ್ಟೋ ಜನರಿಗೆ ಸರಿ ತಪ್ಪು ಚೆನ್ನಾಗಿ ಗೊತ್ತಿರುತ್ತದೆ, ಅವರಿಗೆ ಈ ಕಲಂ ಅನ್ವಯಿಸುವುದೇ ಇಲ್ಲ. ಮಕ್ಕಳ ವಿಷಯದಲ್ಲೂ ಕಾನೂನು ಒಂದೇ ಗೆರೆ ಎಳೆಯುವುದಿಲ್ಲ. ಏಳು ವರ್ಷದ ಒಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ, ಏಳರಿಂದ ಹನ್ನೆರಡರವರೆಗೆ ಆ ಮಗುವಿಗೆ ಎಷ್ಟು ತಿಳಿವಳಿಕೆ ಬಂದಿದೆ ಅಂತ ನೋಡುತ್ತಾರೆ.

ಬದಿಯಡ್ಕದ ಅಕ್ಕ, ನಿಮ್ಮ ತಮ್ಮನಿಗೆ 18 ದಾಟಿದೆ. 18 ಆದ ಮೇಲೆ ಕಾನೂನಿನ ಲೆಕ್ಕದಲ್ಲಿ ಅಪ್ಪ ಅಮ್ಮ ತಾವಾಗಿಯೇ ಪೋಷಕರಾಗಿ, ಅಂದರೆ ಗಾರ್ಡಿಯನ್ ಆಗಿ, ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಯವರ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಮಾಡಿಸಿಕೊಳ್ಳಬೇಕು. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಪೊಲೀಸ್ ಸ್ಟೇಷನಿನಲ್ಲೋ ತೊಂದರೆ ಬಂದ ಮೇಲೆ ಓಡಾಡುವವರೇ ಜಾಸ್ತಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎನ್ನುವ ಹೆಸರೇ ಇರಲಿಲ್ಲ, 2016ರ ಕಾಯ್ದೆಯ 21 ವಿಧಗಳಲ್ಲಿ ಅದು ಬಂದಿದೆ. ಗುರುತಿನ ಚೀಟಿ ಮಾಡಿಸದಿದ್ದರೆ ಕೂಡಲೇ ಮಾಡಿಸಿ.

ನೀರ್ಚಾಲಿನವ

ಮುಳ್ಳೇರಿಯದ ತಂಗಿ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಪೆರ್ಲದವರು ಬರೆದದ್ದನ್ನೂ. ನನ್ನ ಸಂಶಯ ಪೂರ್ತಿ ಹೋಗಿಲ್ಲ. ಸಮಾರಂಭಕ್ಕೆ ಕರೆದುಕೊಂಡು ಬಂದ ಮೇಲೆ ಒಬ್ಬರು ಅವನ ಪಕ್ಕದಲ್ಲೇ ಇರಬೇಕಿತ್ತು ಅಂತ ಈಗಲೂ ಹೇಳುತ್ತೇನೆ.

ಬದಿಯಡ್ಕದ ಅಕ್ಕ

ಹೌದು ಅಣ್ಣ, ಇರಬೇಕಿತ್ತು. ನಾನು ಬಡಿಸಲು ಹೋಗಬಾರದಿತ್ತು, ಇಲ್ಲವೇ ಬೇರೆಯವರಿಗೆ ಹೇಳಿ ಹೋಗಬೇಕಿತ್ತು. ಅದು ನನ್ನದೇ ತಪ್ಪು.

ಬದಿಯಡ್ಕದ ಅಕ್ಕ
(ಇಪ್ಪತ್ತನಾಲ್ಕು ದಿನಗಳ ನಂತರ)

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು.

ಹಲ್ಲು ಸರಿ ಇದೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ತೆಗೆಸಿದೆವು. ನೋಟ್ ಪುಸ್ತಕ ಬರೆಯುತ್ತಿದ್ದೇನೆ. ಇಪ್ಪತ್ತೆರಡು ದಿನದಲ್ಲಿ ಒಂಬತ್ತು ಸಲ ಕೈ ಮಾಡಿದ್ದಾನೆ. ಅದರಲ್ಲಿ ಏಳು ಸಲ ಮೊದಲ ಸಾಲಿನಲ್ಲಿ ಒಂದೇ ವಿಷಯ ಇದೆ: ಊಟ ತಡ. ಅಪ್ಪ ತೋಟದಿಂದ ಬರಲಿ ಅಂತ ನಾವು ಕಾಯುತ್ತೇವೆ. ಅವನಿಗೆ ಹಸಿವೆ ಅಂತ ಹೇಳಲು ಗೊತ್ತಿಲ್ಲ. ಈಗ ಅವನಿಗೆ ಹನ್ನೆರಡೂವರೆಗೇ ಬಡಿಸುತ್ತೇವೆ. ಹದಿನೈದು ವರ್ಷ ಇದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಒಕ್ಕಲಿನ ದಿನದ ಬಗ್ಗೆಯೂ ವಿಚಾರಿಸಿದೆ. ದೊಡ್ಡವರ ಹತ್ತಿರ ಕೇಳಿದರೆ ಎಲ್ಲರೂ ನೂಕಿದ್ದನ್ನು ಮಾತ್ರ ಹೇಳುತ್ತಾರೆ. ಚಿಕ್ಕಮ್ಮನ ಮಗಳಿಗೆ ಹತ್ತು ವರ್ಷ, ಅವಳು ಅಲ್ಲೇ ಆಡುತ್ತಿದ್ದಳು. ಅವಳು ಹೇಳಿದಳು: ಮಕ್ಕಳು ಅಣ್ಣನ ಕೈಯ ಹಾಳೆ ಕಿತ್ತುಕೊಂಡು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದರಂತೆ. ಅಣ್ಣ ಮೂರು ಸಲ "ಬೇಡ" ಅಂದನಂತೆ. ಮೈಕಿನ ಸದ್ದಿಗೆ ಅದು ದೊಡ್ಡವರು ಯಾರಿಗೂ ಕೇಳಲಿಲ್ಲ. ಕೊನೆಗೆ ಹಾಳೆ ಆ ಸಣ್ಣ ಹುಡುಗನ ಕೈಗೆ ಬಂದಿತ್ತು.

ಇದನ್ನು ಕೇಳಿ ಅಮ್ಮ ಕೂಡಲೇ ನೆರೆಮನೆಗೆ ಹೋಗಿ ಹೇಳಬೇಕು ಅಂದರು, "ನಮ್ಮವನದ್ದು ತಪ್ಪಿಲ್ಲ ಅಂತ ಗೊತ್ತಾಗಲಿ" ಅಂತ. ನಾನು ಬೇಡ ಅಂದೆ. ಏಳು ವರ್ಷದ ಮಗು ಆಟಕ್ಕೆ ಹಾಳೆ ಹಿಡಿದದ್ದಕ್ಕೆ ತುಟಿ ಹರಿಯಬೇಕಾ? ಅವನ ಗಾಯ ಗಾಯವೇ.

ಕಳೆದ ಭಾನುವಾರ ತಮ್ಮನನ್ನು ಕರೆದುಕೊಂಡು ಹೋದೆ. ಬೆಳಿಗ್ಗೆ ಅವನ ಕೈಯಿಂದಲೇ ಒಂದು ಚಿಪ್ಪು ಕದಳಿ ಬಾಳೆಹಣ್ಣು ಕೊಯ್ಯಿಸಿದೆ. ಗಾಯದ ತುಟಿಯ ಚಿತ್ರ ಬರೆದು ತೋರಿಸಿ, ಹಣ್ಣು ಅವನಿಗೆ ಅಂತ ಎರಡು ದಿನ ಮೊದಲೇ ಹೇಳಿದ್ದೆ. ಅವನಿಗೆ ಎಷ್ಟು ಅರ್ಥವಾಯಿತೋ. ಆದರೆ ದಾರಿಯುದ್ದಕ್ಕೂ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಹಾಗೆ ಅವನು ಯಾವತ್ತೂ ಮಾಡಿದವನಲ್ಲ.

ಹುಡುಗ ಅಮ್ಮನ ಹಿಂದೆ ಅಡಗಿದ. ನಾವು ಜಗಲಿಯ ಕೆಳಗೇ ನಿಂತೆವು, ಹತ್ತಿರ ಹೋಗಲಿಲ್ಲ. ನಾನು ಹುಡುಗನಿಗೆ ಹೇಳಿದೆ, "ನಿನಗೆ ಜೋರು ನೋವಾಯಿತು ಅಲ್ವಾ. ಅಣ್ಣ ನೂಕಿದ್ದು ಸರಿಯಲ್ಲ. ಇನ್ನು ಮುಂದೆ ಅಣ್ಣನ ಪಕ್ಕದಲ್ಲಿ ಯಾವಾಗಲೂ ನಾನು ಇರುತ್ತೇನೆ." ತಮ್ಮ ಹಣ್ಣನ್ನು ಜಗಲಿಯ ಮೇಲೆ ಇಟ್ಟ. ಹುಡುಗ ಏನೂ ಹೇಳಲಿಲ್ಲ. ಅವನ ಅಮ್ಮ ಬಾಗಿ ಚಿಪ್ಪನ್ನು ಎತ್ತಿಕೊಂಡರು, ನಮಗೆ ಕೂತುಕೊಳ್ಳಿ ಅನ್ನಲಿಲ್ಲ. ನಾವು ಗೇಟು ದಾಟುವಾಗ ಹುಡುಗ "ಅದು ಯಾಕೆ ಅಣ್ಣನಿಗೆ ಹಾಳೆ?" ಅಂತ ಅಮ್ಮನಲ್ಲಿ ಕೇಳುವುದು ಕೇಳಿಸಿತು. ಅವರು ಏನು ಉತ್ತರ ಕೊಟ್ಟರು ಅಂತ ಕೇಳಿಸಲಿಲ್ಲ.

ಟೀಚರ್, "ಸಾಕು" ಚೀಟಿ ಮಾಡಿದೆವು. ಮೊದಲ ವಾರ ಮುಟ್ಟಲೂ ಇಲ್ಲ. ಈ ವಾರ ನಾಲ್ಕು ಸಲ ಕೊಟ್ಟಿದ್ದಾನೆ. ನಿನ್ನೆ ಮುಳ್ಳೇರಿಯ ಬಸ್ಸಿನಲ್ಲಿ ಹತ್ತಿ ಎರಡೇ ನಿಮಿಷಕ್ಕೆ ಚೀಟಿ ನನ್ನ ಕೈಗೆ ಇಟ್ಟ. ತುಂಬ ಜನ ಇದ್ದರು, ಟಿಕೆಟ್ ಆಗಲೇ ತೆಗೆದಾಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದೆವು. ಮನೆಗೆ ನಡೆದೇ ಬಂದೆವು, ಮುಕ್ಕಾಲು ಗಂಟೆ ಬೇಕಾಯಿತು.